ದೊಡ್ಡವರ ನಡುವೆ ಚಿಕ್ಕವಳಾಗಿರು

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು.

ಫೋನಿನಲ್ಲಿ ನೀನು ಹೇಳಿದ್ದೆಲ್ಲ ಮನಸ್ಸಿನಲ್ಲೇ ಸುತ್ತುತ್ತಿದೆ. ಬ್ಯಾಸ್ಕೆಟ್‌ಬಾಲ್ ಸೀನಿಯರ್ ತಂಡದಲ್ಲಿ ಹನ್ನೊಂದನೆಯವಳೋ ಹನ್ನೆರಡನೆಯವಳೋ ಆಗಿ ಬೆಂಚಿನ ತುದಿಯಲ್ಲಿ ಕೂರುವುದಕ್ಕಿಂತ ನನ್ನ ವಯಸ್ಸಿನ ತಂಡಕ್ಕೆ ನಾಯಕಿಯಾಗಿಯೇ ಇರುತ್ತೇನೆ ಎಂದೆ. ಅದರ ಬೆನ್ನಿಗೇ, "ಲೂಕಾ ಡೊಂಚಿಚ್ ಹದಿನಾರಕ್ಕೇ ರಿಯಲ್ ಮ್ಯಾಡ್ರಿಡ್ ಪರ ಆಡಿದ, ನಾನು ಆಗಲೇ ಹಿಂದೆ ಬಿದ್ದುಬಿಟ್ಟೆ" ಎಂದೂ ಹೇಳಿದೆ. ಇವೆರಡೂ ಒಂದಕ್ಕೊಂದು ಕೂಡುವ ಮಾತುಗಳಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಆದರೆ ನಿನ್ನ ಹಾಸ್ಟೆಲಿನ ಫೋನ್ ವೇಳೆ ಮುಗಿಯುತ್ತಿತ್ತು, ಇದು ಅವಸರದಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನೀನು ಲೂಕಾನ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. ಆ ಹುಡುಗನ ಆಟವನ್ನು ಅವನು ಇನ್ನೂ ಯುರೋಪಿನಲ್ಲಿದ್ದ ಕಾಲದಿಂದ ನೋಡಿಕೊಂಡು ಬಂದವಳು ನಾನು. ನಿನ್ನ ಗೋಡೆಯ ಮೇಲಿನ ಚಿತ್ರದಲ್ಲಿರುವುದು ಲಾಸ್ ಏಂಜಲೀಸ್ ತಂಡದ ಹಳದಿ ಅಂಗಿ ತೊಟ್ಟ ಲೂಕಾ. ನಾನು ಹೇಳಬೇಕಾಗಿರುವುದು ಆ ಅಂಗಿ ಬರುವ ಮೊದಲಿನ ವರ್ಷಗಳ ಬಗ್ಗೆ.

ಅವನು ಹುಟ್ಟಿದ್ದು 1999ರ ಫೆಬ್ರುವರಿ 28ರಂದು, ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದಲ್ಲಿ. ಇಡೀ ಸ್ಲೊವೇನಿಯಾದ ಜನಸಂಖ್ಯೆ ಇಪ್ಪತ್ತೊಂದು ಲಕ್ಷದ ಆಸುಪಾಸು. ನಮ್ಮ ಮೈಸೂರು ಜಿಲ್ಲೆಯೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಅಪ್ಪ ಸಾಶಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ, ಆಮೇಲೆ ಕೋಚ್. ಹಾಗಾಗಿ ಹುಡುಗ ಅಪ್ಪನ ತಂಡದವರ ಕಾಲಡಿಯಲ್ಲೇ ಚೆಂಡು ಹಿಡಿದು ಬೆಳೆದ. ತಂದೆತಾಯಿ 2008ರಲ್ಲಿ ಬೇರೆಯಾದರು, ಮಗು ತಾಯಿ ಮಿರ್ಯಮ್ ಬಳಿ ಉಳಿದ. ಅದಕ್ಕೆ ಸ್ವಲ್ಪ ಮೊದಲು, ಎಂಟು ವರ್ಷದವನಿದ್ದಾಗ, ಅವನು ಆ ಊರಿನ ಒಲಿಂಪಿಯಾ ಎಂಬ ದೊಡ್ಡ ಕ್ಲಬ್ಬಿನ ಮಕ್ಕಳ ಅಭ್ಯಾಸಕ್ಕೆ ಹೋದ. ಮೊದಲ ದಿನವೇ, ಇನ್ನೂ ಸರಿಯಾಗಿ ಬೆವರುವ ಮೊದಲೇ, ಕೋಚ್ ಅವನನ್ನು ಅವನ ವಯಸ್ಸಿನವರ ಗುಂಪಿನಿಂದ ತೆಗೆದು ಹನ್ನೊಂದು ವರ್ಷದವರ ಜೊತೆ ನಿಲ್ಲಿಸಿದರು.

ಅವನ ಬಗ್ಗೆ ಬರೆಯುವವರೆಲ್ಲ ಇದನ್ನು ಒಂದು ಪವಾಡದಂತೆ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅವನ ಇಡೀ ಆಟ ಹುಟ್ಟಿದ್ದೇ ಅಲ್ಲಿ ಎನ್ನಿಸುತ್ತದೆ. ಎಂಟು ವರ್ಷದ ಮಗುವಿಗೂ ಹನ್ನೊಂದು ವರ್ಷದ ಹುಡುಗನಿಗೂ ಎಷ್ಟು ಅಂತರ, ಯೋಚಿಸು. ಎತ್ತರದಲ್ಲಿ ಒಂದು ಗೇಣು, ಓಟದಲ್ಲಿ ಎರಡು ಹೆಜ್ಜೆ. ತನ್ನ ಓರಗೆಯವರ ಜೊತೆಯೇ ಉಳಿದಿದ್ದರೆ ಅವನು ಚೆಂಡು ಹಿಡಿದು ನೇರವಾಗಿ ಬುಟ್ಟಿಗೆ ಓಡಿ ದಿನಕ್ಕೆ ಇಪ್ಪತ್ತು ಸಲ ಅಂಕ ಗಳಿಸುತ್ತಿದ್ದ. ದೊಡ್ಡವರ ನಡುವೆ ಆ ದಾರಿ ಮುಚ್ಚಿಹೋಯಿತು. ಓಡಿ ಗೆಲ್ಲಲಾಗದು, ಹಾರಿ ಗೆಲ್ಲಲಾಗದು. ಇನ್ನು ಉಳಿದದ್ದು ಕಣ್ಣು, ಕೈ ಮತ್ತು ಸಮಯಪ್ರಜ್ಞೆ. ಯಾವಾಗ ನಿಲ್ಲಬೇಕು, ಯಾವಾಗ ಚೆಂಡು ಬಿಡಬೇಕು, ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಅವನು ಕಲಿಯಲೇಬೇಕಾಯಿತು.

ಇವತ್ತಿಗೂ ಅವನ ಆಟ ಅದೇ. ಆರೂವರೆ ಅಡಿಗೂ ಮಿಕ್ಕ ಎತ್ತರ ಈಗ ಅವನಿಗಿದೆ, ಆದರೆ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಅವನಿಗಿಂತ ವೇಗವಾಗಿ ಓಡುವವರು, ಎತ್ತರಕ್ಕೆ ನೆಗೆಯುವವರು ತಂಡಕ್ಕೆ ಐದಾರು ಮಂದಿ ಸಿಗುತ್ತಾರೆ. ನೀನು ಮುಂದಿನ ಸಲ ಅವನ ಪಂದ್ಯ ನೋಡುವಾಗ ಅಂಕಗಳನ್ನು ಬಿಟ್ಟು ಅವನ ಪಾದಗಳನ್ನು ನೋಡು. ತನ್ನ ತಂಡದವನು ಅಡ್ಡ ನಿಂತು ತಡೆ ಒಡ್ಡುತ್ತಾನೆ. ಲೂಕಾ ಅದನ್ನು ಸುತ್ತಿ ಹೊರಬರುತ್ತಾನೆ, ಅವನನ್ನು ಕಾಯುತ್ತಿದ್ದವನು ಹಿಂದೆ ಉಳಿಯುತ್ತಾನೆ. ಬೇರೆ ಯಾರೇ ಆಗಿದ್ದರೂ ಆಗ ಬುಟ್ಟಿಯತ್ತ ನುಗ್ಗುತ್ತಾರೆ. ಇವನು ಅಲ್ಲಿ ನಿಧಾನಿಸುತ್ತಾನೆ. ಹಿಂದೆ ಬಿದ್ದವನು ಮತ್ತೆ ಮುಂದೆ ಬರದಂತೆ ತನ್ನ ಬೆನ್ನಿಗೇ ಅಂಟಿಸಿಕೊಂಡು, ಎಡಗೈಯನ್ನೋ ಭುಜವನ್ನೋ ಅಡ್ಡವಿಟ್ಟು, ಒಂದೊಂದೇ ಡ್ರಿಬಲ್ ಮಾಡುತ್ತ ನಡೆಯುತ್ತಾನೆ. ಈಗ ಎದುರಿಗಿರುವ ಎತ್ತರದ ಆಟಗಾರ ಒಬ್ಬನೇ ಇಬ್ಬರನ್ನು ಕಾಯಬೇಕು. ಅವನು ಅರ್ಧ ಹೆಜ್ಜೆ ಮುಂದೆ ಬಂದರೆ ಚೆಂಡು ಅವನ ತಲೆಯ ಮೇಲಿಂದ ಬುಟ್ಟಿಯ ಬಳಿ ಇರುವವನಿಗೆ ಹೋಗುತ್ತದೆ. ಹಿಂದೆಯೇ ನಿಂತರೆ ಲೂಕಾ ಅಲ್ಲಿಂದಲೇ ಮೆಲ್ಲಗೆ ಚೆಂಡನ್ನು ತೇಲಿಸಿಬಿಡುತ್ತಾನೆ. ಯಾರಾದರೂ ಮೂಲೆಯಿಂದ ಸಹಾಯಕ್ಕೆ ಓಡಿಬಂದರೆ, ಅವರು ಬಿಟ್ಟುಬಂದ ಮೂಲೆಗೆ ಅಡ್ಡಪಾಸ್. ಅವನ ವೇಗ ಕಾಲಿನಲ್ಲಿಲ್ಲ, ನಿಲ್ಲುವುದರಲ್ಲಿದೆ. ನನ್ನ ಕಾಲೇಜಿನ ತಂಡದಲ್ಲಿ ನಾನೂ ಚೆಂಡು ಹಿಡಿದು ಆಟ ನಡೆಸುವ ಪಾಯಿಂಟ್ ಗಾರ್ಡ್ ಆಗಿದ್ದವಳು. ಹೀಗೆ ನಿಲ್ಲುವುದು ಎಷ್ಟು ಕಷ್ಟ ಎಂದು ನನ್ನ ಮಂಡಿಗಳಿಗೆ ಗೊತ್ತು.

ಇಂಥ ಆಟವನ್ನು ಓರಗೆಯವರನ್ನು ಸೋಲಿಸುತ್ತ ಯಾರೂ ಕಲಿಯುವುದಿಲ್ಲ, ಪುಟ್ಟಿ. ಅದರ ಅಗತ್ಯವೇ ಅಲ್ಲಿ ಬೀಳುವುದಿಲ್ಲ.

2012ರಲ್ಲಿ ರೋಮ್ ನಗರದಲ್ಲಿ ಹದಿಮೂರರೊಳಗಿನವರ ಒಂದು ಟೂರ್ನಿ ನಡೆಯಿತು. ಫೈನಲ್‌ನಲ್ಲಿ ಲಾಜಿಯೊ ತಂಡದ ವಿರುದ್ಧ ಲೂಕಾ 54 ಅಂಕ, 11 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು), 10 ಅಸಿಸ್ಟ್ (ಅಂಕ ಬರುವಂತೆ ಚೆಂಡು ಕೊಡುವುದು) ಗಳಿಸಿದ. ಅಂದು ಅವನು ಆಡಿದ್ದು ತನ್ನ ವಯಸ್ಸಿನವರ ಜೊತೆ. ಏನಾಯಿತು ನೋಡು. ಆ ಮಟ್ಟದಲ್ಲಿ ಅವನಿಗೆ ಕಲಿಯಲು ಏನೂ ಉಳಿದಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ಅವನ ಜೊತೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಹದಿಮೂರು ವರ್ಷದ ಮಗು. ಆ ವಯಸ್ಸಿನ ಮಗುವನ್ನು ಇನ್ನೊಂದು ದೇಶಕ್ಕೆ ಕಳುಹಿಸಲು ತಾಯಿ ಒಪ್ಪಬೇಕಾಯಿತಲ್ಲ, ಅದನ್ನು ನೆನೆದಾಗ ನನ್ನ ಕೈ ತಣ್ಣಗಾಗುತ್ತದೆ. ನಿನ್ನನ್ನು ಬೆಂಗಳೂರಿಗೆ ಬಿಟ್ಟುಬರುವಾಗ ಮೂರು ಗಂಟೆಯ ದಾರಿ ಅಷ್ಟೇ ಎಂದು ನಾನೂ ನಿನ್ನಪ್ಪನೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡಿದ್ದೆವು. ಅವನು ಹೋದ ಊರಿನ ಭಾಷೆಯೇ ಅವನಿಗೆ ಬರುತ್ತಿರಲಿಲ್ಲ. ಕ್ಲಬ್ಬಿನ ವಸತಿಯಲ್ಲಿದ್ದುಕೊಂಡು, ಆಡುತ್ತ, ಓದುತ್ತ ಸ್ಪ್ಯಾನಿಷ್ ಕಲಿತ.

ಯುರೋಪಿನ ಪದ್ಧತಿಯನ್ನು ನೀನು ಅರ್ಥ ಮಾಡಿಕೊಳ್ಳಬೇಕು. ಅಮೆರಿಕದಲ್ಲಿ ಹುಡುಗ ಹುಡುಗಿಯರು ಶಾಲೆಗೆ ಆಡುತ್ತಾರೆ, ಆಮೇಲೆ ಕಾಲೇಜಿಗೆ. ಎಲ್ಲ ಕಡೆಯೂ ಹೆಚ್ಚು ಕಡಿಮೆ ತಮ್ಮ ವಯಸ್ಸಿನವರ ಜೊತೆಯೇ. ಯುರೋಪಿನಲ್ಲಿ ಕ್ಲಬ್ಬೇ ಶಾಲೆ. ಅದೇ ಕ್ಲಬ್ಬಿನಲ್ಲಿ ಹತ್ತು ವರ್ಷದವರ ತಂಡವೂ ಇರುತ್ತದೆ, ಖಂಡದ ಚಾಂಪಿಯನ್ ಆಗುವ ಹಿರಿಯರ ತಂಡವೂ ಇರುತ್ತದೆ. ನೀನು ಚೆನ್ನಾಗಿ ಆಡಿದರೆ ನಿನ್ನ ಜನ್ಮದಿನಾಂಕವನ್ನು ಯಾರೂ ನೋಡುವುದಿಲ್ಲ, ಮೇಲಿನ ಅಭ್ಯಾಸಕ್ಕೆ ಕರೆಯುತ್ತಾರೆ. ಹದಿನೈದರ ಹುಡುಗ ಬೆಳಿಗ್ಗೆ ಮೂವತ್ತೈದು ವರ್ಷದ ಸಂಸಾರಸ್ಥನ ವಿರುದ್ಧ ಅಭ್ಯಾಸ ಮಾಡಿ ಸಂಜೆ ಗಣಿತದ ಲೆಕ್ಕ ಮಾಡುವುದು ಅಲ್ಲಿ ವಿಚಿತ್ರವಲ್ಲ. ಲೂಕಾ ಒಂದೇ ಋತುವಿನಲ್ಲಿ ಹದಿನೆಂಟರೊಳಗಿನವರ ತಂಡಕ್ಕೂ, ಸ್ಪೇನಿನ ಕೆಳ ದರ್ಜೆಯ ಲೀಗಿನಲ್ಲಿ ಆಡುವ ರಿಯಲ್ ಮ್ಯಾಡ್ರಿಡ್ 'ಬಿ' ತಂಡಕ್ಕೂ ಆಡಿದ. ಖಾಲಿ ಆಸನಗಳ ಚಿಕ್ಕ ಸಭಾಂಗಣಗಳಲ್ಲಿ, ಗಡ್ಡ ಬಂದ ಗಂಡಸರ ಮೊಣಕೈ ಏಟು ತಿನ್ನುತ್ತ ಆಡಿದ ಆ ಪಂದ್ಯಗಳ ವಿಡಿಯೊವನ್ನು ಯಾರೂ ಹಂಚುವುದಿಲ್ಲ.

ಈಗ ನೀನು ಹೇಳಿದ ಆ ಹದಿನಾರರ ಮಾತಿಗೆ ಬರುತ್ತೇನೆ. 2015ರ ಏಪ್ರಿಲ್ 30. ಸ್ಪೇನಿನದೇ ಆದ ಉನಿಕಾಹಾ ತಂಡದ ವಿರುದ್ಧ ಪಂದ್ಯ. ಲೂಕಾಗೆ ಹದಿನಾರು ವರ್ಷ, ಎರಡು ತಿಂಗಳು. ಅಂಕಣದಲ್ಲಿ ಅವನಿದ್ದದ್ದು ಎರಡು ನಿಮಿಷಕ್ಕೂ ಕಡಿಮೆ. ಒಂದೇ ಒಂದು ಶಾಟ್ ಎಸೆದ, ಮೂರು ಅಂಕದ್ದು, ಬಿತ್ತು. ನೀನು ಆ ಒಂದು ಶಾಟ್ ನೋಡಿದ್ದೀಯೆ. ಪಂದ್ಯದ ಉಳಿದ ಮೂವತ್ತೆಂಟು ನಿಮಿಷ ಅವನು ಎಲ್ಲಿದ್ದ? ಬೆಂಚಿನಲ್ಲಿದ್ದ. ಆ ಋತುವಿನಲ್ಲಿ ಮ್ಯಾಡ್ರಿಡ್, ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಯುರೋಲೀಗ್ ಸೇರಿದಂತೆ ನಾಲ್ಕು ಪ್ರಶಸ್ತಿ ಗೆದ್ದಿತು. ಯುಲ್, ರೊಡ್ರಿಗಸ್, ರುಡಿ ಫರ್ನಾಂಡಿಸ್, ಫೆಲಿಪೆ ರೇಯೆಸ್ ಅಂಥವರಿದ್ದ ತಂಡ ಅದು. ಅಲ್ಲಿ ಹದಿನಾರರ ಹುಡುಗನಿಗೆ ಜಾಗವೇ ಇರಲಿಲ್ಲ, ಕೋಚ್ ಪಾಬ್ಲೊ ಲಾಸೊ ಸುಮ್ಮನೆ ಜಾಗ ಮಾಡಿಕೊಡುವವರೂ ಅಲ್ಲ. ಮರುವರ್ಷ ಪೂರ್ತಿಯಾಗಿ ಹಿರಿಯರ ತಂಡಕ್ಕೆ ಸೇರಿದ ಮೇಲೂ ಸ್ಪೇನ್ ಲೀಗಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ ಐದು ಅಂಕವನ್ನೂ ಮುಟ್ಟಲಿಲ್ಲ. ರೋಮ್‌ನಲ್ಲಿ ಒಂದೇ ದಿನ 54 ಅಂಕ ಗಳಿಸಿದ್ದ ಹುಡುಗ ಇಡೀ ವರ್ಷ ಹೀಗೆ ಆಡಿದ. ಕೂತು ನೋಡಿದ, ಕರೆದಾಗ ಎದ್ದ, ಕೊಟ್ಟ ಹತ್ತು ಹನ್ನೆರಡು ನಿಮಿಷದಲ್ಲಿ ಚೆಂಡು ಕಳೆದುಕೊಳ್ಳದಂತೆ ಆಡಿದ, ಮತ್ತೆ ಕೂತ.

ಬೆಂಚಿನಲ್ಲಿ ಕೂರುವುದೆಂದರೆ ವ್ಯರ್ಥವಾದ ವರ್ಷ ಎಂದು ನೀನು ಅಂದುಕೊಂಡಿದ್ದೀಯೆ. ಆ ವರ್ಷ ಅವನಿಗೆ ಏನು ಕೊಟ್ಟಿತೆಂಬುದು 2017ರಲ್ಲಿ ಕಂಡಿತು.

ಆ ಆಗಸ್ಟಿನಲ್ಲಿ ಸ್ಪೇನ್ ತಂಡಕ್ಕೆ ಆಡುವಾಗ, ಮ್ಯಾಡ್ರಿಡ್‌ನ ಆಟ ನಡೆಸುತ್ತಿದ್ದ ಸೆರ್ಹಿಯೊ ಯುಲ್‌ನ ಮಂಡಿಯ ಅಸ್ಥಿರಜ್ಜು ಹರಿಯಿತು. ರೊಡ್ರಿಗಸ್ ಅದಾಗಲೇ ಮ್ಯಾಡ್ರಿಡ್ ಬಿಟ್ಟಿದ್ದ. ಯುರೋಪಿನ ಅತಿ ದೊಡ್ಡ ಕ್ಲಬ್ಬೊಂದರ ಚೆಂಡು ಹದಿನೆಂಟು ವರ್ಷದವನ ಕೈಗೆ ಬಂತು. ಅದಕ್ಕೂ ಮೊದಲು ಸೆಪ್ಟೆಂಬರಿನಲ್ಲಿ ಯುರೋಪ್ ಚಾಂಪಿಯನ್‌ಷಿಪ್ ಇತ್ತು. ಸ್ಲೊವೇನಿಯಾ ಆ ಟೂರ್ನಿಯಲ್ಲಿ ಒಂದು ಪದಕವನ್ನೂ ಕಂಡಿರದ ದೇಶ. ತಂಡದ ನಾಯಕ ಗೊರಾನ್ ಡ್ರಾಗಿಚ್ ಹಿಂದೆ ಲೂಕಾನ ಅಪ್ಪನ ಜೊತೆಗೇ ಆಡಿದ್ದವನು, ಲೂಕಾನನ್ನು ಪುಟ್ಟ ಹುಡುಗನಾಗಿ ಕಂಡವನು. ಆ ತಂಡ ಒಂದೂ ಪಂದ್ಯ ಸೋಲದೆ ಒಂಬತ್ತಕ್ಕೆ ಒಂಬತ್ತನ್ನೂ ಗೆದ್ದಿತು. ಕ್ವಾರ್ಟರ್ ಫೈನಲ್‌ನಲ್ಲಿ ಲಾಟ್ವಿಯಾ ವಿರುದ್ಧ ಲೂಕಾ 27 ಅಂಕ ಗಳಿಸಿದ. ಸೆಮಿಫೈನಲ್‌ನಲ್ಲಿ ಗಾಸೊಲ್ ಸಹೋದರರಿದ್ದ ಸ್ಪೇನನ್ನು ಇಪ್ಪತ್ತು ಅಂಕಗಳಿಂದ, 92-72ರಿಂದ ಕೆಡವಿದರು. ಆ ಪಂದ್ಯದಲ್ಲಿ ಲೂಕಾ ಗಳಿಸಿದ ಅಂಕಗಳಿಗಿಂತ ಅವನು ಹಿಡಿದ ರೀಬೌಂಡ್‌ಗಳೇ ಹೆಚ್ಚು. ಹದಿನೆಂಟರಲ್ಲಿ, ಅಂಥ ವೇದಿಕೆಯಲ್ಲಿ, ಅಂಕ ಬೇಡ, ಇವತ್ತು ತಂಡಕ್ಕೆ ಬೇಕಾದದ್ದು ಇದು ಎಂದು ತಿಳಿದು ಆಡುವುದು ಬೆಂಚಿನಲ್ಲಿ ಕೂತು ಹಿರಿಯರನ್ನು ನೋಡಿದವನಿಗೆ ಮಾತ್ರ ಸಾಧ್ಯ ಎಂದು ನಾನು ನಂಬುತ್ತೇನೆ. ಇಸ್ತಾಂಬುಲ್‌ನಲ್ಲಿ ನಡೆದ ಫೈನಲ್‌ನ ನಡುವೆಯೇ ಅವನ ಕಣಕಾಲು ಉಳುಕಿತು, ಹೊರಗೆ ಕೂರಬೇಕಾಯಿತು. ಡ್ರಾಗಿಚ್ 35 ಅಂಕ ಗಳಿಸಿದ. ಸರ್ಬಿಯಾ ವಿರುದ್ಧ 93-85. ಇಪ್ಪತ್ತು ಚಿಲ್ಲರೆ ಲಕ್ಷ ಜನರ ದೇಶ ಯುರೋಪಿಗೇ ಚಾಂಪಿಯನ್ ಆಯಿತು.

ಮುಂದಿನ ಮೇ ತಿಂಗಳಿನಲ್ಲಿ, 2018ರಲ್ಲಿ, ಬೆಲ್‌ಗ್ರೇಡ್‌ನಲ್ಲಿ ಫೆನರ್ಬಾಚೆ ತಂಡವನ್ನು 85-80ರಿಂದ ಸೋಲಿಸಿ ಮ್ಯಾಡ್ರಿಡ್ ಯುರೋಲೀಗ್ ಗೆದ್ದಿತು. ಆ ಋತುವಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಲೂಕಾಗೆ. ಅದನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಯಾರೂ ಪಡೆದಿರಲಿಲ್ಲ. ಸ್ಪೇನ್ ಲೀಗಿನ ಕಿರೀಟವೂ ಅಲ್ಲಿನ ಅತ್ಯುತ್ತಮ ಆಟಗಾರನ ಪ್ರಶಸ್ತಿಯೂ ಅದರ ಬೆನ್ನಿಗೇ ಬಂದವು.

ಇಷ್ಟಾದರೂ ಅದೇ ಜೂನ್ 21ರಂದು, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಎರಡು ಎನ್‌ಬಿಎ ತಂಡಗಳು ಅವನನ್ನು ಬಿಟ್ಟು ಅಮೆರಿಕದ ಕಾಲೇಜುಗಳಲ್ಲಿ ಆಡಿದ ಬೇರೆ ಹುಡುಗರನ್ನು ಆರಿಸಿಕೊಂಡವು. ಮೂರನೆಯದಾಗಿ ಅಟ್ಲಾಂಟಾ ಆರಿಸಿತು, ಆರಿಸಿ ಅಲ್ಲೇ ಡಲ್ಲಸ್‌ಗೆ ಬಿಟ್ಟುಕೊಟ್ಟಿತು. ಓಟ ನಿಧಾನ, ನೆಗೆತ ಸಾಲದು ಎಂದು ಅನುಮಾನಿಸಿದವರು ಬಹಳ ಮಂದಿ. ನನಗೆ ಆಗ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಯುರೋಪಿನ ಗಂಡಸರ ಲೀಗನ್ನು ಹತ್ತೊಂಬತ್ತಕ್ಕೆ ಗೆದ್ದವನನ್ನು ಅಳತೆಪಟ್ಟಿ ಹಿಡಿದು ನೋಡಿದರಲ್ಲ! ಮೊದಲ ವರ್ಷವೇ ಪಂದ್ಯಕ್ಕೆ 21 ಅಂಕಗಳ ಸರಾಸರಿಯಲ್ಲಿ ಆಡಿ ವರ್ಷದ ಹೊಸ ಆಟಗಾರ ಎನ್ನಿಸಿಕೊಂಡ. ಯುರೋಪಿಗಿಂತ ಎನ್‌ಬಿಎಯಲ್ಲಿ ಅಂಕ ಗಳಿಸುವುದು ಸುಲಭ ಎಂದು ಅವನೇ ಹೇಳಿದಾಗ ಕೆಲವರಿಗೆ ಕೋಪ ಬಂತು. ಆದರೆ ನಿಯಮ ಗೊತ್ತಿದ್ದವರಿಗೆ ಅದು ಸತ್ಯವೆಂದು ಗೊತ್ತು. ಅಲ್ಲಿ ಯಾರನ್ನೂ ಕಾಯದೆ ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ದಂಡ, ಯುರೋಪಿನಲ್ಲಿ ಪಂದ್ಯವಿಡೀ ನಿಲ್ಲಬಹುದು. ಅಲ್ಲಿ ಆಟ 48 ನಿಮಿಷ, ಯುರೋಪಿನಲ್ಲಿ 40. ಮೂರು ಅಂಕದ ಗೆರೆ ಅಲ್ಲಿ ದೂರ, ಹಾಗಾಗಿ ಎದುರಾಳಿಗಳು ಹರಡಿ ನಿಲ್ಲಬೇಕು, ನಡುವೆ ಜಾಗ ಬಿಚ್ಚಿಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಬೆಳೆದವನಿಗೆ ಬಯಲು ಸಿಕ್ಕಿತು.

ಅಮೆರಿಕದ ಭಾಗ ನಿನಗೆ ನನಗಿಂತ ಚೆನ್ನಾಗಿ ಗೊತ್ತು. 2024ರ ಜನವರಿಯಲ್ಲಿ ಅಟ್ಲಾಂಟಾ ವಿರುದ್ಧವೇ 73 ಅಂಕ, ಅದೇ ವರ್ಷ ಎನ್‌ಬಿಎ ಫೈನಲ್, ಬಾಸ್ಟನ್ ಕೈಯಲ್ಲಿ ಸೋಲು. ಆಮೇಲೆ 2025ರ ಫೆಬ್ರುವರಿ ಆರಂಭದಲ್ಲಿ ಒಂದು ರಾತ್ರಿ, ಎಲ್ಲರೂ ಮಲಗುವ ಹೊತ್ತಿಗೆ, ಡಲ್ಲಸ್ ಅವನನ್ನು ಲಾಸ್ ಏಂಜಲೀಸ್‌ಗೆ ಕೊಟ್ಟುಬಿಟ್ಟಿತು. ಏಪ್ರಿಲ್‌ನಲ್ಲಿ ಡಲ್ಲಸ್‌ಗೆ ಎದುರಾಳಿಯಾಗಿ ಬಂದಾಗ ಅವನ ಹಳೆಯ ಆಟದ ತುಣುಕುಗಳನ್ನು ಪರದೆಯ ಮೇಲೆ ತೋರಿಸಿದರು. ಟವೆಲ್‌ನಿಂದ ಕಣ್ಣೊರೆಸಿಕೊಂಡು ಎದ್ದವನು ಅಂದು 45 ಅಂಕ ಗಳಿಸಿದ. ವೃತ್ತಿಪರ ಆಟದಲ್ಲಿ ಊರು, ಮನೆ, ಗೆಳೆಯರು ಎಲ್ಲವೂ ಒಂದು ರಾತ್ರಿಯಲ್ಲಿ ಬದಲಾಗುತ್ತವೆ. ಇದು ಈಗಲೇ ನಿನಗೆ ಗೊತ್ತಿರಲಿ.

ಹಾಗೆಂದು ಬೇಗ ಆರಂಭಿಸುವುದಕ್ಕೆ ಬೆಲೆ ತೆರಬೇಕಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಇನ್ನೊಬ್ಬನ ಕಥೆಯನ್ನೂ ನೀನು ಕೇಳಬೇಕು. ರಿಕಿ ರೂಬಿಯೊ, ಬಾರ್ಸಿಲೋನಾ ಪಕ್ಕದ ಎಲ್ ಮಸ್ನೊ ಊರಿನವನು. ಅವನು ಹೂವೆಂಟುಟ್ ಕ್ಲಬ್ಬಿನ ಹಿರಿಯರ ತಂಡಕ್ಕೆ ಆಡಿದ್ದು 2005ರ ಅಕ್ಟೋಬರಿನಲ್ಲಿ. ಆಗ ಅವನಿಗೆ ಹದಿನೈದು ತುಂಬಲು ಇನ್ನೂ ಕೆಲವು ದಿನಗಳಿದ್ದವು. ಸ್ಪೇನ್ ಲೀಗಿನಲ್ಲಿ ಅಷ್ಟು ಚಿಕ್ಕವನು ಯಾರೂ ಆಡಿರಲಿಲ್ಲ. ಮರುವರ್ಷ ಹದಿನಾರರೊಳಗಿನವರ ಯುರೋಪ್ ಫೈನಲ್‌ನಲ್ಲಿ ರಷ್ಯಾ ವಿರುದ್ಧ 51 ಅಂಕ, 24 ರೀಬೌಂಡ್, 12 ಅಸಿಸ್ಟ್. ಹದಿನೇಳಕ್ಕೆ ಬೀಜಿಂಗ್ ಒಲಿಂಪಿಕ್ಸ್‌ನ ಬೆಳ್ಳಿ. ಲೂಕಾಗಿಂತಲೂ ಬೇಗ, ಲೂಕಾಗಿಂತಲೂ ಎಳೆಯ. ಆಮೇಲೆ ಎನ್‌ಬಿಎ, ಮಂಡಿಯ ಗಾಯ, 2016ರಲ್ಲಿ ಕ್ಯಾನ್ಸರ್‌ನಿಂದ ತಾಯಿಯ ಸಾವು. 2019ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದಾಗ ಟೂರ್ನಿಯ ಅತ್ಯುತ್ತಮ ಆಟಗಾರ ಅವನೇ.

2023ರ ಆಗಸ್ಟ್‌ನಲ್ಲಿ, ಇನ್ನೊಂದು ವಿಶ್ವಕಪ್ಪಿನ ಹೊಸ್ತಿಲಲ್ಲಿ, ಮನಸ್ಸಿನ ಆರೋಗ್ಯಕ್ಕಾಗಿ ಆಟ ನಿಲ್ಲಿಸುತ್ತಿದ್ದೇನೆ ಎಂದು ರಿಕಿ ಹೇಳಿದ. ಮರುವರ್ಷದ ಜನವರಿಯಲ್ಲಿ ಎನ್‌ಬಿಎಗೆ ವಿದಾಯ ಹೇಳುವಾಗ, ಆ ಬೇಸಿಗೆಯ ಒಂದು ರಾತ್ರಿ ತನ್ನ ಮನಸ್ಸು ಬಹಳ ಕತ್ತಲೆಯ ಜಾಗಕ್ಕೆ ಹೋಗಿತ್ತು ಎಂದು ಬರೆದ. ಹದಿನಾಲ್ಕರಿಂದ ಮೂವತ್ತೆರಡರವರೆಗೆ ಲೋಕದ ಕಣ್ಣೆದುರೇ ಬದುಕಿದವನು. ಅದನ್ನು ಓದಿ ನಾನು ಅತ್ತೆ. ಅವನು ಬಾಯಿ ತೆರೆದು ಹೇಳಿದನಲ್ಲ, ಅದಕ್ಕೆ ಕೈ ಮುಗಿಯಬೇಕು. ಸ್ವಲ್ಪ ಕಾಲ ಬಾರ್ಸಿಲೋನಾಗೆ ಆಡಿ, ಮತ್ತೆ ಬಿಟ್ಟು, 2025ರಲ್ಲಿ ತಾನು ಹುಡುಗನಾಗಿ ಆಡಿದ ಅದೇ ಹೂವೆಂಟುಟ್‌ಗೆ ಮರಳಿದ.

ಆದ್ದರಿಂದ ಹಿರಿಯರ ತಂಡಕ್ಕೆ ಹೋಗು ಎನ್ನುವಾಗ ನಾನು ಕಣ್ಣು ಮುಚ್ಚಿ ಹೇಳುತ್ತಿಲ್ಲ. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಚೆಂಡು ಕಂಡರೆ ಎದೆ ಬಡಿದುಕೊಳ್ಳುವಂತಾದರೆ ಅದೇ ದಿನ ನನಗೆ ಹೇಳಬೇಕು. ಟೂರ್ನಿ ಮುಗಿಯಲಿ ಎಂದು ಕಾಯಬೇಡ. ತಂಡದಿಂದ ಹೊರಬಂದರೆ ಅಪ್ಪನಿಗೂ ನನಗೂ ಯಾವ ಅವಮಾನವೂ ಇಲ್ಲ. ಮಂಡಿ ನೋವನ್ನೂ ಮುಚ್ಚಿಡಬೇಡ. ನಿನ್ನ ಮೂಳೆ ಇನ್ನೂ ಬೆಳೆಯುತ್ತಿದೆ. ಎರಡು ತಂಡಗಳಿಗೂ ಒಟ್ಟಿಗೆ ಆಡು ಎಂದು ಯಾರಾದರೂ ಹೇಳಿದರೆ, ವಾರದಲ್ಲಿ ಒಟ್ಟು ಎಷ್ಟು ಪಂದ್ಯ, ಎಷ್ಟು ಅಭ್ಯಾಸ, ವಿಶ್ರಾಂತಿ ಯಾವ ದಿನ ಎಂದು ಕೇಳಿ ಬರೆದುಕೊಂಡು ನನಗೆ ಓದಿ ಹೇಳು. ಕೋಚ್ ಹತ್ತಿರ ನಾನೇ ಮಾತನಾಡುತ್ತೇನೆ.

ಹುಡುಗರ ಕಥೆ ಹುಡುಗರಿಗಾಯಿತು ಎಂದು ನೀನು ಅನ್ನಬಹುದು. ಡೊಮಿನಿಕ್ ಮಲೊಂಗಾ ಎಂಬ ಹುಡುಗಿಯ ಆಟ ನೋಡು. 2005ರಲ್ಲಿ ಕ್ಯಾಮರೂನಿನ ಯಾವುಂಡೆಯಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಬೆಳೆದವಳು. ತಾಯಿ ಕ್ಯಾಮರೂನ್ ತಂಡಕ್ಕೆ ಆಡಿದವರು. ಹದಿನೆಂಟನೆಯ ವಯಸ್ಸಿಗೆ ಪ್ಯಾರಿಸ್ ಒಲಿಂಪಿಕ್ಸ್‌ನ ಫ್ರಾನ್ಸ್ ತಂಡದಲ್ಲಿದ್ದಳು. ಅಮೆರಿಕದ ವಿರುದ್ಧದ ಫೈನಲ್ ಅನ್ನು ಒಂದೇ ಅಂಕದಿಂದ, 67-66ರಿಂದ ಕಳೆದುಕೊಂಡ ತಂಡ ಅದು. ಆ ತಂಡದಲ್ಲೂ ಅವಳು ಎಲ್ಲರಿಗಿಂತ ಕಿರಿಯಳು, ಹೆಚ್ಚು ಹೊತ್ತು ಬೆಂಚಿನಲ್ಲೇ ಇದ್ದವಳು. ಮರುವರ್ಷ ಮಹಿಳಾ ಎನ್‌ಬಿಎಯ ಡ್ರಾಫ್ಟ್‌ನಲ್ಲಿ ಸಿಯಾಟಲ್ ತಂಡ ಅವಳನ್ನು ಎರಡನೆಯವಳಾಗಿ ಆರಿಸಿಕೊಂಡಿತು. ಹೊರದೇಶದ ಹುಡುಗಿಯರಿಗೆ ಆ ಬಾಗಿಲು ತೆರೆಯುವುದೇ ಇಪ್ಪತ್ತು ತುಂಬುವ ವರ್ಷದಲ್ಲಿ. ನಿನಗೆ ತಡವಾಯಿತು ಎಂದು ನೀನು ಹೇಳುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ನಾಯಕಿಯ ಪಟ್ಟ ಬಿಟ್ಟುಕೊಡುವುದು ಸುಲಭವಲ್ಲ, ನನಗೆ ಗೊತ್ತು. ನಿನ್ನ ಗೆಳತಿಯರು ಕಪ್ ಎತ್ತುವಾಗ ನೀನು ಇನ್ನೊಂದು ಊರಿನಲ್ಲಿ ಸೀನಿಯರ್ ಅಕ್ಕಂದಿರ ನೀರಿನ ಬಾಟಲಿ ಎತ್ತಿಕೊಡುತ್ತಿರಬಹುದು. ಅಜ್ಜಿ ಫೋನ್ ಮಾಡಿ ಎಷ್ಟು ಅಂಕ ಗಳಿಸಿದೆ ಎಂದು ಕೇಳಿದಾಗ ಸೊನ್ನೆ ಎನ್ನಬೇಕಾಗಬಹುದು. ಆದರೂ ನೀನು ಹೋಗಬೇಕೆಂಬುದೇ ನನ್ನ ಆಸೆ. ಕಳೆದ ಟೂರ್ನಿಯಲ್ಲಿ ನಿನ್ನ ಆಟ ನೋಡಿದಾಗ ನೀನು ಪ್ರತಿ ಸಲವೂ ಬಲಗೈ ಕಡೆಗೇ ಓಡಿ ಅಂಕ ಗಳಿಸಿದೆ. ಯಾರೂ ನಿನ್ನನ್ನು ತಡೆಯಲಿಲ್ಲ, ಹಾಗಾಗಿ ಎಡಕ್ಕೆ ಹೋಗುವ ಪ್ರಮೇಯವೇ ಬರಲಿಲ್ಲ. ಸೀನಿಯರ್ ತಂಡದಲ್ಲಿ ನಿನ್ನನ್ನು ಕಾಯುವ ಅಕ್ಕ ಮೊದಲ ದಿನವೇ ಆ ಬಲಗಡೆಯನ್ನು ಮುಚ್ಚುತ್ತಾಳೆ. ಅಂದು ನಿನಗೆ ಅಳು ಬರುತ್ತದೆ, ಮರುದಿನ ಎಡಗೈ ಬರಲು ಶುರುವಾಗುತ್ತದೆ.

ಬೆಂಚಿನಲ್ಲಿ ಕೂತಾಗ ಸುಮ್ಮನೆ ಕೂರಬೇಡ. ನಿನ್ನ ಜಾಗದಲ್ಲಿ ಆಡುತ್ತಿರುವವಳೊಬ್ಬಳನ್ನೇ ನೋಡು. ಚೆಂಡು ಅವಳ ಕೈಯಲ್ಲಿ ಇಲ್ಲದಾಗ ಅವಳು ಎಲ್ಲಿ ನಿಲ್ಲುತ್ತಾಳೆ, ಕೋಚ್ ಕೂಗಿದಾಗ ಯಾವ ಕಡೆ ತಿರುಗುತ್ತಾಳೆ, ದಣಿದಾಗ ಯಾವ ತಪ್ಪು ಮಾಡುತ್ತಾಳೆ. ರಾತ್ರಿ ಅದನ್ನು ಪುಸ್ತಕದಲ್ಲಿ ಬರೆದಿಡು.

ಸೋಮವಾರ ಕೋಚ್‌ಗೆ ಉತ್ತರ ಹೇಳಬೇಕಂತಲ್ಲ. ನಿರ್ಧಾರ ನಿನ್ನದೇ. ನೀನು ನಾಯಕಿಯಾಗಿಯೇ ಇರುತ್ತೇನೆ ಎಂದರೂ ನಾನು ಮುಂದಿನ ಪಂದ್ಯಕ್ಕೆ ಬಂದು ಮೊದಲ ಸಾಲಿನಲ್ಲೇ ಕೂರುತ್ತೇನೆ. ಶೂ ಹಿಮ್ಮಡಿ ಸವೆದಿದೆ ಎಂದಿದ್ದೆಯಲ್ಲ, ಹಣ ಕಳುಹಿಸಿದ್ದೇನೆ. ಅರ್ಧ ಅಳತೆ ದೊಡ್ಡದನ್ನೇ ತೆಗೆದುಕೋ. ಚಕ್ಕುಲಿ, ಕೊಬ್ಬರಿ ಮಿಠಾಯಿಯನ್ನು ಶನಿವಾರ ಅಪ್ಪ ತರುತ್ತಾರೆ, ಕೋಣೆಯವರಿಗೂ ಕೊಡು. ದಸರಾ ರಜೆಗೆ ಬಂದಾಗ 2017ರ ಆ ಸ್ಪೇನ್ ಪಂದ್ಯವನ್ನು ಇಬ್ಬರೂ ಪೂರ್ತಿ ನೋಡೋಣ. ಲೂಕಾನನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಡ್ರಾಗಿಚ್‌ನನ್ನು ನೋಡು. ಪಕ್ಕದಲ್ಲಿ ಆಡುವ ಹುಡುಗನಿಗೆ ಅವನು ಎಷ್ಟು ಸಲ ಚೆಂಡು ಬಿಟ್ಟುಕೊಡುತ್ತಾನೆ ಎಂದು ಎಣಿಸಬೇಕು.

ಇಂತಿ,
ನಿನ್ನ ಅಮ್ಮ